ಬೆಡಗು ಕೇಳಲಿಲ್ಲ

ನವೆಂಬರ್ ೯, ಶುಕ್ರವಾರ

ಮತ್ತೆ ಅದೇ ಬೋಳುತಲೆ ಕೊಕ್ಕರೆ, ಎದುರು ಮನೆ ತಗಡಿನ ಮೇಲೆ. ಪಿಂಚಣಿ ಬಾರದ ಗುಮಾಸ್ತನ ಹಾಗೆ ರೆಕ್ಕೆ ಹಿಂದಕ್ಕೆ ಕಟ್ಟಿಕೊಂಡು ನಿಂತಿರುತ್ತೆ. ನಾನು ಹಲ್ಲುಜ್ಜಿ ಮುಗಿಸೋವರೆಗೂ ನೋಡುತ್ತೆ. ಕಂಪಾಲಾದಲ್ಲಿ ನನಗೆ ಮೊದಲು ಪರಿಚಯ ಆದವನು ಇವನೇ.

ಬೆಳಿಗ್ಗೆ ಬಾಳೆಕಾಯಿ, ಮೇಕೆ ಕರುಳು ಹಾಕಿ ಬೇಯಿಸಿದ್ದು. ಗೊರೆಟಿ ಕೈರುಚಿ ಥೇಟ್ ನಮ್ಮವ್ವನದು — ತಮ್ಮನ ಮಗಳು ಅಂತ ಹೊಗಳ್ತಿಲ್ಲ. ಮೂರನೇ ಸಲ ತಟ್ಟೆ ಚಾಚಿದಾಗ ಅವಳ ಗಂಡ ಡೆನಿಸ್, ಮಾವ, ಊರಿಗೆ ಹೋಗೋವಾಗ ಬಸ್ಸಲ್ಲಿ ಎರಡು ಸೀಟು ಹಿಡೀಬೇಕು ಅಂದ. ಬಾಡಿಗೆ ಬೈಕ್ ಓಡಿಸ್ತಾನೆ. ಬಾಯಿ ಬೈಕಿಗಿಂತ ಜೋರು.

ಊರಿಗೆ ಹೋಗೋ ಮಸಾಕಾ ಬಸ್ಸು ಸೋಮವಾರಕ್ಕೆ. ಇನ್ನೂ ಇರಿ ದೊಡ್ಡಪ್ಪ, ಮಿಡತೆ ಕಾಲ ನೋಡ್ಕೊಂಡು ಹೋಗಿ ಅಂತಾಳೆ ಗೊರೆಟಿ. ನೋಡೋದೇನು... ಊರೆಲ್ಲ ಹುರಿದು ತಿಂದರೂ ತಿನ್ನೋ ಹಾಗಿಲ್ಲವಲ್ಲ ನಾವು.

ತಮ್ಮನಿಗೆ ಕಾಗದ ಬರೆದೆ. ಪಾದ್ರಿಗಳ ಹಳೇ ಕ್ಯಾಲೆಂಡರ್ ನೋಡಿ ನಾನಾಗಿ ಕಲಿತ ಅಕ್ಷರ. ಆದರೂ ವಂಶಕ್ಕೆಲ್ಲ ಕಾಗದ ಬರೆಯೋನು ನಾನೇ. ಕಾಗದಕ್ಕೆ ಹಾಕಲಾಗದ್ದು ಇಲ್ಲಿಗೆ.

ನವೆಂಬರ್ ೧೧, ಭಾನುವಾರ

ಚರ್ಚಿನ ಪೂಜೆ ಮುಗಿಸಿ ಡೆನಿಸ್ ಗಬಾ ದಡಕ್ಕೆ ಕರ್ಕೊಂಡು ಹೋದ. ಸರೋವರ ಬೆಳ್ಳಿ ತಟ್ಟೆ. ದೋಣಿಗಳು ನಿದ್ದೆಗಣ್ಣಲ್ಲಿ ತೂಗ್ತಿದ್ದವು.

ಅಲ್ಲೊಬ್ಬ ಹೆಂಗಸು ಮೀನು ಕರೀತಾಳೆ. ವಯಸ್ಸು ಅರವತ್ತರ ಆಸುಪಾಸು. ತಟ್ಟೆ ಹಿಡ್ಕೊಂಡು ಬಂದವಳು ನಮ್ಮ ಹೆಂಗಸರ ರೂಢಿಯಂತೆ ಮಂಡಿಯೂರಿ ಬಡಿಸೋಕೆ ಹೊರಟು ಅರ್ಧಕ್ಕೇ ನಿಂತಳು. “ಯಜಮಾನ್ರೇ, ಈ ಮಂಡಿ ಕೆಳಗೆ ಹೋದ್ರೆ ಮೇಲೆ ಬರಲ್ಲ. ಮನಸ್ಸಲ್ಲಿ ಊರಿದ್ದೀನಿ ಅಂತ ತಿಳ್ಕೊಳ್ಳಿ.” ನಾನೂ ಮನಸ್ಸಲ್ಲೇ ಎದ್ದು ನಿಂತು ಕೈಹಿಡಿದು ಎತ್ತಿದೆ ಅಂದೆ. ನಕ್ಕಳು. ಎಣ್ಣೆ ಚಟಪಟ ಅನ್ನೋ ಹಾಗೆ ನಗ್ತಾಳೆ.

ಮೀನಿನ ತಲೆ ನನಗೇ ಇಟ್ಟಳು. ಚರ್ಮ ಗರಿಗರಿ, ಒಳಗೆ ಬೆಣ್ಣೆ. ಮಾತಾಡದೆ ತಿಂದೆ. ಹೆಂಡತಿ ಮರಿಯಾ ತೀರಿಹೋದ ಮೇಲೆ ಊಟ ಅಂದ್ರೆ ಹೊಟ್ಟೆಗೆ ಮಣ್ಣು ತುಂಬಿದ ಹಾಗಿತ್ತು — ನಾಲ್ಕು ವರ್ಷ. ಇವತ್ತು ಬೆರಳು ನೆಕ್ಕಿದೆ.

ಹೆಸರು ಪೆರೆಪೆತ್ವಾ. ಅಷ್ಟೇ ಹೇಳಿದಳು, ಅಪ್ಪನ ಮನೆ ಹೆಸರು ಹೇಳಲಿಲ್ಲ. ನಾನೂ ಬಜಿಲಿಯೊ ಅಂದೆ, ಮುಗಲುಲಾ ಅನ್ನಲಿಲ್ಲ. ಆ ಹೆಸರು ಕಿವಿಗೆ ಬಿದ್ದರೆ ಕುಲದ ಬೆಡಗು ಯಾವುದು ಅಂತ ಯಾರಿಗಾದರೂ ಗೊತ್ತಾಗುತ್ತೆ. ಯಾಕೆ ಅನ್ನಲಿಲ್ಲ?

ಗಂಡನಿಲ್ಲ. ಒಬ್ಬಳೇ ಇದ್ದಾಳೆ. ಇದು ಡೆನಿಸ್ ವಿಚಾರಿಸಿದ್ದು. ನಾನಲ್ಲ.

ನವೆಂಬರ್ ೧೪, ಬುಧವಾರ

ಸೋಮವಾರದ ಬಸ್ಸು ಹೋಯ್ತು. ನಾನು ಹೋಗಲಿಲ್ಲ.

ಮತ್ತೆ ಮೀನು. ಪಕ್ಕದ ಬೆಂಚಲ್ಲಿ ಒಬ್ಬ ಒಣಕಲು ಮನುಷ್ಯ, ಕಸಿರ್ಯೆ ಅಂತ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದನಂತೆ. ದಿನಾ ಸಂಜೆ ಬರ್ತಾನಂತೆ. ಮಾತಿಲ್ಲ ಕತೆಯಿಲ್ಲ — ತಿಂತಾನೆ, ಹಲ್ಲಿಗೆ ಕಡ್ಡಿ ಹಾಕ್ತಾನೆ, ನೀರು ನೋಡ್ತಾ ಕೂರ್ತಾನೆ. ನಾನು ನಗಿಸಿದಾಗೆಲ್ಲ ಅವನ ಕಡ್ಡಿ ನಿಲ್ಲುತ್ತೆ.

ಬರೆದೇ ಬಿಡ್ತೀನಿ. ಪೆರೆಪೆತ್ವಾನ ಊರಿಗೆ ಕರ್ಕೊಂಡು ಹೋಗೋ ಆಸೆ. ಗುಡ್ಡದ ಮೇಲಿನ ಮನೆ, ಸಾಯಂಕಾಲದ ಜಗುಲಿ, ಪಕ್ಕದಲ್ಲಿ ಆ ನಗು. ಆದರೆ ಮೊದಲು ಬೆಡಗು ಕೇಳಬೇಕು. ನಮ್ಮದು ಮಿಡತೆ ಬೆಡಗು, ಅದಕ್ಕೇ ಮಿಡತೆ ಬಾಯಿಗೆ ಹಾಕಲ್ಲ. ಅವಳದೂ ಅದೇ ಆಗಿದ್ದರೆ ಒಂದೇ ರಕ್ತ — ನಾನು ಅಣ್ಣ, ಅವಳು ತಂಗಿ, ಮುಗೀತು. ನಮ್ಮಲ್ಲಿ ಮಕ್ಕಳು ಕೂಡ ಹೆಸರು ಕೇಳಿದ ಉಸಿರಲ್ಲೇ ಬೆಡಗು ಕೇಳ್ತಾರೆ. ನಾನು ಕೇಳಲಿಲ್ಲ. ಅವಳೂ ಕೇಳಲಿಲ್ಲ.

ಅವಳ ಬೆಡಗು ನೋಡ್ತಾ ಬೆಡಗು ಮರೆತೆ ಅಂತ ತಮಾಷೆಗೆ ಹೇಳಬಹುದು. ಮರೆತಿಲ್ಲ.

ನವೆಂಬರ್ ೧೭, ಶನಿವಾರ — ಇಲ್ಲ, ಭಾನುವಾರ ಆಗಿದೆ

ನಿದ್ದೆ ಬರಲಿಲ್ಲ. ಕಾಲು ಇನ್ನೂ ತಾಳ ಹಾಕ್ತಿದೆ.

ನತೇತೆ ಹತ್ತಿರ ಒಂದು ತೋಟದ ಹೋಟೆಲು. ಮಾವಿನ ಮರಕ್ಕೆ ಬಣ್ಣದ ಬಲ್ಬು. ಒಬ್ಬನೇ ಮನುಷ್ಯ, ಒಂದೇ ಗಿಟಾರು — ಹಾಡಿನಲ್ಲಿ ಊರಿನ ಜಗಳ, ಸೊಸೆ ದೂರು, ಸತ್ತವರ ನೆನಪು ಎಲ್ಲಾ. ಕಡ್ಡಿಗೆ ಪೋಣಿಸಿ ಸುಟ್ಟ ಮೇಕೆಮಾಂಸ, ಮೇಲೆ ಉಪ್ಪು, ಈರುಳ್ಳಿ. ಬಾಳೆಹಣ್ಣಿನ ಕಳ್ಳು ಹುಳಿ ಜಾಸ್ತಿ. ಆದರೂ ಒಳಗಿಳಿದ ಮೇಲೆ ದೀಪಗಳೆಲ್ಲ ಒಂದಕ್ಕೊಂದು ಹತ್ತಿರ ಬಂದವು.

ಪೆರೆಪೆತ್ವಾ ನೀಲಿ ಉದ್ದ ಅಂಗಿ, ಸೊಂಟಕ್ಕೆ ಹಳದಿ ಪಟ್ಟಿ. ಕುಣೀರಿ ಯಜಮಾನ್ರೇ ಅಂದಳು. ಮಂಡಿ ಅಂದೆ. ಸೊಂಟಕ್ಕೂ ಮಂಡಿಗೂ ಏನು ಸಂಬಂಧ ಅಂದಳು. ಎದ್ದೆ. ಹೆಜ್ಜೆ ಸಣ್ಣದು, ನೆಲ ಬಿಟ್ಟೂ ಬಿಡದ ಹಾಗೆ. ಅವಳ ಸೊಂಟ ಮಾತ್ರ ಬೇರೆ ಊರಲ್ಲಿದ್ದ ಹಾಗೆ ತಿರುಗ್ತಿತ್ತು. ಮೇಲೆ ಬಾವಲಿಗಳು ಹೊಗೆಯ ಹಾಗೆ ಹರಿದು ಹೋದವು. ಮುಗಿಯೋದೇ ಇಲ್ಲ ಅನ್ನಿಸ್ತು — ಬಾವಲಿಗಳೋ ಹಾಡೋ ಗೊತ್ತಿಲ್ಲ.

ವಾಪಸು ನಡ್ಕೊಂಡು ಬಂದೆವು. ದಾರೀಲಿ ಸುಟ್ಟ ಸಿಹಿಬಾಳೆ, ಒಂದನ್ನೇ ಮುರಿದು ಇಬ್ಬರೂ. ದೊಡ್ಡ ಅರ್ಧ ನನಗೆ ಕೊಟ್ಟಳು.

ಕೇಳಬಹುದಿತ್ತು. ಬಾಯಲ್ಲಿ ಬಾಳೆಹಣ್ಣಿತ್ತು.

ನವೆಂಬರ್ ೨೨, ಗುರುವಾರ

ನೀರಂಚಲ್ಲೇ ಹುಟ್ಟಿ ಬೆಳೆದರೂ ಬೂಟುಕೊಕ್ಕಿನ ಹಕ್ಕಿ ನೋಡಿಲ್ಲ ಅಂದಿದ್ದಳು. ಅದಕ್ಕೇ ಎಂಟೆಬೆ ದಾಟಿ ಜೌಗಿಗೆ ಹೋದೆವು. ಕಿರುದೋಣಿ, ಒಬ್ಬ ಅಂಬಿಗ. ಎರಡೂ ಕಡೆ ತಲೆಗಿಂತ ಎತ್ತರದ ಜೊಂಡು. ನೀರ ಮೇಲೆ ತಾವರೆ ಎಲೆ, ಎಲೆ ಮೇಲೆ ನಡೆಯೋ ಪುಟ್ಟ ಹಕ್ಕಿ. ಮಂಜು ಇನ್ನೂ ಎದ್ದಿರಲಿಲ್ಲ. ಮಾತೂ ಬೇಡ ಅನ್ನಿಸ್ತು.

ಇತ್ತು. ಬೂದಿ ಬಣ್ಣ, ಮನುಷ್ಯನ ಎದೆಮಟ್ಟ, ಕಲ್ಲಿನ ಹಾಗೆ. ರೆಪ್ಪೆ ಮಾತ್ರ ಬಡೀತು. ನಾವು ಮೂವರು, ಅದೊಂದು — ನಾಲ್ಕು ಜನ ಏನನ್ನೋ ಕಾಯ್ತಿದ್ದ ಹಾಗೆ. ಎಷ್ಟು ಹೊತ್ತೋ. ಆಮೇಲೆ ಮರ ಬಿದ್ದ ಹಾಗೆ ಮುಂದಕ್ಕೆ ಬಿತ್ತು. ಎದ್ದಾಗ ಕೊಕ್ಕಲ್ಲಿ ಕೆಸರುಮೀನು ಒದ್ದಾಡ್ತಿತ್ತು.

ನಮ್ಮ ಡೆನಿಸ್ ಕೆಸರುಮೀನು ಬೆಡಗಿನವನು ಅಂದೆ. ಬಾಯಿ ಜಾರಿತು.

“ಅಯ್ಯೋ ಪಾಪ. ಆ ಹುಡುಗನ ಮುತ್ತಜ್ಜನನ್ನೇ ನುಂಗಿಬಿಡ್ತಲ್ಲ ಇದು,” ಅಂದಳು.

ಅಂಬಿಗನೂ ನಕ್ಕ. ದೋಣಿ ಅಲ್ಲಾಡಿತು. ಇನ್ನು ಮುಂದಿನ ಮಾತು ಒಂದೇ — ಮತ್ತೆ ನಿಮ್ಮದು? ಅವಳ ಬಾಯಿ ತೆರೀತು. ಮುಚ್ಚಿತು. ಕೈ ನೀರಿಗಿಳಿಸಿ ತಾವರೆ ಎಲೆ ಸವರಿದಳು. ನಾನು ಇನ್ನೊಂದು ಕಡೆ ಎಲೆ ಸವರಿದೆ.

ನವೆಂಬರ್ ೨೭, ಮಂಗಳವಾರ

ಮಿಡತೆ ಬಂತು.

ಗುಡ್ಡ ಗುಡ್ಡಕ್ಕೂ ಬಿಳಿ ದೀಪ ಉರೀತಿದೆ. ತಗಡುಗಳನ್ನು ಓರೆ ನಿಲ್ಲಿಸಿ ಕೆಳಗೆ ಡ್ರಮ್ ಇಟ್ಟಿದ್ದಾರೆ. ಆಕಾಶದಿಂದ ಹಸಿರು ಮಳೆ. ದೀಪದ ಸುತ್ತ ಸುತ್ತಿ, ತಗಡಿಗೆ ಬಡಿದು, ಜಾರಿ... ಇಡೀ ಪಟ್ಟಣ ಸರಸರ ಅಂತಿದೆ. ರೇಷ್ಮೆ ಬಟ್ಟೆಗಳ ಗಂಟು ಬಿಚ್ಚಿದ ಹಾಗೆ. ನಮ್ಮ ಕುಲದವರೇ ಬರ್ತಿದ್ದಾರೆ ಅನ್ನಿಸಿ ಟೊಪ್ಪಿ ತೆಗೆದೆ. ಡೆನಿಸ್ ನಕ್ಕ. ಮನೇಲಿ ಗೊರೆಟಿ ಅವನಿಗೋಸ್ಕರ ರೆಕ್ಕೆ ಕಾಲು ಕಿತ್ತು ಹುರೀತಿದ್ದಳು. ನಾಲಿಗೆಗೆ ಸೋಕಿಸಲ್ಲ, ಉಪ್ಪು ಕಣ್ಣಂದಾಜು.

ತೋಟದ ಹೋಟೆಲಿಗೆ ಹೋದೆ. ಪೆರೆಪೆತ್ವಾ ಬಂದಿದ್ದಳು. ಪಕ್ಕದ ಮೇಜಲ್ಲಿ ಕಸಿರ್ಯೆಯೂ. ಹೋಟೆಲಿನವನು ಖುಷಿಗೆ ಎಲ್ಲಾ ಮೇಜಿಗೂ ಒಂದೊಂದು ತಟ್ಟೆ ಮಿಡತೆ ಕಳಿಸಿದ. ಬಿಸಿ, ಈರುಳ್ಳಿ ವಾಸನೆ.

ತಟ್ಟೆ ನನ್ನ ಮುಂದೆ ಬಂತು. ಹಲ್ಲು ನೋವು ಅಂದೆ. ಅವಳ ಕಡೆ ಸರಿಸಿದೆ.

ನೋಡ್ತಾ ಇದ್ದೆ. ಒಂದೇ ಒಂದು ತಗೋ. ಬಾಯಿಗೆ ಹಾಕ್ಕೋ. ಕಟುಂ ಅನ್ನಲಿ ಒಂದ್ಸಲ, ಆ ಸದ್ದೇ ಸಾಕು ನನಗೆ...

ಡಾಕ್ಟರು ಎಣ್ಣೆ ಪದಾರ್ಥ ಬೇಡ ಅಂದಿದ್ದಾರೆ ಅಂದಳು. ದಿನವಿಡೀ ಎಣ್ಣೆ ಮುಂದೆ ಕೂರೋಳು, ನಿನ್ನೆ ನನ್ನ ಜೊತೆ ಕೂತು ಮೀನು ತಿಂದೋಳು.

ತಟ್ಟೆ ಕಸಿರ್ಯೆ ಹತ್ತಿರ ಹೋಯ್ತು. ಅವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಎರಡು ತಟ್ಟೆಯನ್ನೂ ಒಬ್ಬನೇ ಖಾಲಿ ಮಾಡಿದ.

ಯಾರೂ ಕುಣೀಲಿಲ್ಲ.

ನವೆಂಬರ್ ೨೮

ಇನ್ನೂ ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳದೆ ಇದ್ದರೆ ಆಗಿಲ್ಲ ಅಂತ ಇಟ್ಟುಕೊಳ್ಳಬಹುದಾ?

ಡಿಸೆಂಬರ್ ೨, ಭಾನುವಾರ

ಹೋದೆ. ಮೀನು ತಿರುವಿ ಹಾಕ್ತಿದ್ದಳು. ತಲೆ ಎತ್ತಲಿಲ್ಲ.

“ಎಣ್ಣೆ ಬೇಡ ಅಂದ ಡಾಕ್ಟರ ಹೆಸರೇನು?” ಅಂದೆ.

“ನಿಮ್ಮ ಹಲ್ಲಿನ ಡಾಕ್ಟರೇ.”

ಮೀನು ಇನ್ನೊಂದು ಸಲ ತಿರುಗಿತು.

“ಮಿಡತೆ?”

“ಮಿಡತೆ,” ಅಂದಳು.

ಅವಳಪ್ಪನೂ ಮುಗಲುಲಾ. ನಗು ಬಂತು ಇಬ್ಬರಿಗೂ. ಅವಳು ನಗ್ತಾ ನಗ್ತಾ ಸೊಂಟದ ಪಟ್ಟಿ ತುದಿ ಕಣ್ಣಿಗೊತ್ತಿ ಹೊಗೆ ಅಂದಳು. ಒಲೇಲಿ ಹೊಗೆ ಇರಲಿಲ್ಲ, ಇದ್ದಿಲು.

ಮೊದಲೇ ಅನುಮಾನ ಇತ್ತಾ ಅಂತ ಕೇಳಿದೆ. ಮೊದಲ ದಿನವೇ ಅಂದಳು. “ಕೇಳಿದ್ರೆ ಆವತ್ತೇ ಅಣ್ಣ ಆಗಿಬಿಡ್ತಿದ್ರಿ. ಒಂದಷ್ಟು ದಿನ ಹೀಗೇ ಇರಲಿ ಅನ್ನಿಸ್ತು.”

ಮೀನು ಕರಕಲಾಗಿತ್ತು. ಪೂರ್ತಿ ತಿಂದೆ.

ಡಿಸೆಂಬರ್ ೯, ಭಾನುವಾರ

ನಾಳೆ ಬಸ್ಸು. ಹೇಳಿ ಬರೋಣ ಅಂತ ಹೋದೆ.

ಕೂರಿಸಿದಳು. ಕಸಿರ್ಯೆ ಮದುವೆಗೆ ಕೇಳ್ತಾ ಎರಡು ವರ್ಷ ಆಯ್ತಂತೆ. ಇವಳು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಈಗ ವಯಸ್ಸಾಗ್ತಿದೆ, ಒಬ್ಬಳೇ ಎಣ್ಣೆ ಡಬ್ಬ ಎತ್ತೋಕೂ ಆಗಲ್ಲ ಅಂದಳು. ಒಡಹುಟ್ಟಿದ ಇಬ್ಬರು ಅಣ್ಣಂದಿರೂ ಮಣ್ಣಾಗಿದ್ದಾರೆ. ಗಂಡಿನವರು ತರೋ ಹುಂಜ ಕೈಚಾಚಿ ತಗೊಳ್ಳೋಕೆ ಅಣ್ಣ ಬೇಕಲ್ಲ. ಅಣ್ಣ ಹುಂಜ ತಗೊಂಡು ತಿಂದರೇ ಹೆಣ್ಣು ಕೊಟ್ಟ ಹಾಗೆ.

“ಬೆಡಗಿನ ಅಣ್ಣ ನೀನಿದ್ದೀಯಲ್ಲ,” ಅಂದಳು. “ಮನುಷ್ಯ ಹೇಗೆ ಅಂತ ನೀನೇ ನೋಡಿ ಹೇಳು. ನೀನು ಬೇಡ ಅಂದ್ರೆ ಬೇಡ.”

ಇವತ್ತು ನೀನು ಅಂದಳು. ಇಷ್ಟು ದಿನ ನೀವು.

ಬಸ್ಸು ಮುಂದಕ್ಕೆ ಹಾಕಿದೆ.

ಡಿಸೆಂಬರ್ ೧೦

ಬೇಡ ಅಂದ್ರೆ ಬೇಡ ಅಂತೆ. ಒಂದೇ ಮಾತು. ನನಗೆ ಸಿಗದಿದ್ದರೂ ಅವಳು ಹೀಗೇ ಮೀನು ಕರೀತಾ, ವರ್ಷಕ್ಕೊಂದು ಸಲ ನಾನು ಬಂದಾಗ ನಗ್ತಾ... ಹಲ್ಲಿಗೆ ಕಡ್ಡಿ ಹಾಕೋ ಗಂಡಸು ಒಳ್ಳೇವನಲ್ಲ ಅಂತ ನಮ್ಮಜ್ಜಿ ಹೇಳ್ತಿದ್ದಳು.

ಅಜ್ಜಿ ಹಾಗೇನೂ ಹೇಳ್ತಿರಲಿಲ್ಲ.

ಡಿಸೆಂಬರ್ ೧೨, ಬುಧವಾರ

ಕಸಿರ್ಯೆನ ನಾನೇ ಕರೆದೆ. ವಂಡೆಗೆಯಾದಲ್ಲಿ ರಸ್ತೆ ಬದಿ ಚಪಾತಿ-ಮೊಟ್ಟೆ ಸುರುಳಿ, ಬಿಸಿಬಿಸಿ, ಹೆಂಚಿನಿಂದ ನೇರ ಕೈಗೆ. ಪಕ್ಕದ ಅಂಗಡೀಲಿ ಜೋರು ಹಾಡು, ಹುಡುಗ ಹುಡುಗೀರು ರಸ್ತೇಲೇ ಕುಣೀತಿದ್ದರು. ನಾವಿಬ್ಬರು ಮುದುಕರು ಗೋಡೆಗೊರಗಿ ಅಗಿದೆವು.

ಏನಾದರೂ ತಪ್ಪು ಸಿಗುತ್ತಾ ಅಂತ ಕೆದಕಿದೆ. ಕುಡೀತೀಯಾ — ಭಾನುವಾರ ಒಂದು ಲೋಟ. ಮೊದಲ ಹೆಂಡತಿ? ಸತ್ತು ಒಂಬತ್ತು ವರ್ಷ, ಸಮಾಧಿಗೆ ತಾನೇ ಸುಣ್ಣ ಹೊಡೀತಾನೆ. ಚಪಾತಿ ಇನ್ನೊಂದು ಬೇಕಾ ಅಂದೆ. ಎರಡು ತಗೊಂಡ. ಇಷ್ಟು ಖುಷಿಯಾಗಿ ಅವನು ತಿಂದದ್ದೇ ನೋಡಿರಲಿಲ್ಲ. ಮೀನು ಬಿಟ್ಟು ಬೇರೆ ಏನೂ ಸೇರಲ್ಲ ಅಂದ್ಕೊಂಡಿದ್ದೆ ಅಂದೆ.

ಬಾಯಿ ಒರೆಸಿಕೊಂಡ.

“ಮೀನು ಕಂಡ್ರೆ ಆಗಲ್ಲ ಯಜಮಾನ್ರೇ. ಚಿಕ್ಕಂದಿನಿಂದಲೂ ಆಗಲ್ಲ. ಅವಳಿಗೆ ಹೇಳಬೇಡಿ.”

ಎರಡು ವರ್ಷ. ದಿನಾ ಸಂಜೆ.

ಹೊರಟು ಬಂದೆ. ದಾರಿಯುದ್ದಕ್ಕೂ ದೀಪ, ಹೊಗೆ, ಸುಟ್ಟ ಮಾಂಸದ ವಾಸನೆ, ತಗಡಿನ ಮೇಲೆ ಮಿಡತೆ ಉದುರೋ ಸದ್ದು. ಪಟ್ಟಣ ಎಷ್ಟು ಚೆನ್ನಾಗಿತ್ತು ಅಂದ್ರೆ ಅಳು ಬಂತು.

ಡಿಸೆಂಬರ್ ೧೩

ಒಳ್ಳೇವನು ಅಂತ ಹೇಳಿ ಬಂದೆ. ಮೀನಿನ ವಿಷಯ ಹೇಳಲಿಲ್ಲ.

ಡಿಸೆಂಬರ್ ೨೯, ಶನಿವಾರ

ಬೆಳಿಗ್ಗೆ ಬಿಳಿ ನಿಲುವಂಗಿ ಹಾಕ್ಕೊಂಡೆ, ಮೇಲೆ ಡೆನಿಸನ ಕೋಟು. ಗುಂಡಿ ಕಷ್ಟಪಟ್ಟು ಹಾಕಿದೆ. ಮಾವ, ಉಸಿರು ಎಳೀಬೇಡಿ, ಎದುರಿಗಿರೋರ ಕಣ್ಣಿಗೆ ಗುಂಡಿ ಬಡಿಯುತ್ತೆ ಅಂದ.

ಹೆಣ್ಣು ಕೊಡೋ ಶಾಸ್ತ್ರ ಗಬಾದಲ್ಲಿ, ಅವಳ ಅಂಗಳದಲ್ಲೇ. ಚಪ್ಪರ, ಚಾಪೆ, ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಕಡಲೆಕಾಯಿ ಸಾರು. ಕಸಿರ್ಯೆ ಕಡೆಯವರು ಸಾಲಾಗಿ ತಲೆ ಮೇಲೆ ಬುಟ್ಟಿ ಹೊತ್ತು ಬಂದರು. ಹೆಣ್ಣಿನ ಅಣ್ಣ ಯಾರು ಅಂತ ಕೂಗಿ ಕೇಳಿದರು. ಎದ್ದು ನಿಂತೆ. ಮುಗಲುಲಾ, ಮಿಡತೆ ಬೆಡಗು ಅಂದೆ, ಎಲ್ಲರಿಗೂ ಕೇಳೋ ಹಾಗೆ. ಈ ಪಟ್ಟಣದಲ್ಲಿ ಮೊದಲ ಸಲ ಪೂರ್ತಿ ಹೆಸರು ಹೇಳಿದ್ದು.

ಕೆಂಪು ಹುಂಜ. ಹೆಣೆದ ಗೂಡಲ್ಲಿ. ಕಸಿರ್ಯೆ ಎರಡೂ ಕೈಯಲ್ಲಿ ಹಿಡಿದು ಚಾಚಿದ. ನನ್ನ ಕೈಯನ್ನೇ ನೋಡ್ತಿದ್ದ — ನಾನು ತಗೊಳ್ಳಲ್ಲ ಅಂತ ಕೊನೇವರೆಗೂ ಭಯ ಇತ್ತು ಅಂತ ಕಾಣುತ್ತೆ. ನನಗೂ ಇತ್ತು. ಚಾಪೆ ಮೇಲೆ ಪೆರೆಪೆತ್ವಾ ಮಂಡಿಯೂರಿ ಕೂತಿದ್ದಳು, ಪೂರ್ತಿ. ನನ್ನ ಕಡೆ ನೋಡಲಿಲ್ಲ. ಕೈ ಚಾಚಿದೆ. ಗೂಡು ಬೆಚ್ಚಗಿತ್ತು, ಒಳಗೆ ಎದೆ ಹೊಡ್ಕೊಳ್ಳೋದು ಅಂಗೈಗೆ ತಿಳೀತಿತ್ತು.

ಹೆಂಗಸರು ನಾಲಿಗೆ ಆಡಿಸಿ ಉಲುಲು ಅಂತ ಖುಷಿಗೆ ಕೂಗಿದರು.

ಈಗ ಹಿತ್ತಿಲಲ್ಲಿ ಕೂತು ಬರೀತಿದ್ದೀನಿ. ಹುಂಜ ಬೇಯ್ತಿದೆ, ಶುಂಠಿ ಘಮ. ಸರೋವರದ ಮೇಲೆ ಬಿಸಿಲು ಇಳೀತಿದೆ, ದೋಣಿಗಳು ಬಂಗಾರದಲ್ಲಿ ಅದ್ದಿದ ಹಾಗೆ. ಅಣ್ಣ ಮೊದಲ ತುಂಡು ಬಾಯಿಗೆ ಹಾಕೋವರೆಗೂ ಯಾರೂ ಊಟ ಮಾಡೋ ಹಾಗಿಲ್ಲವಂತೆ. ಒಳಗೆ ಎಲ್ಲರೂ ಕಾಯ್ತಿದ್ದಾರೆ. ಬರೆಯೋಕೆ ಇನ್ನೂ ಏನಾದರೂ ಇದೆಯಾ ಅಂತ ಹುಡುಕ್ತಿದ್ದೀನಿ...

ಬಾಗಿಲಿಗೆ ಬಂದಳು. ನೀಲಿ ಅಂಗಿ ಅಲ್ಲ ಇವತ್ತು, ಕಿತ್ತಳೆ. ತಟ್ಟೆ ಹಿಡ್ಕೊಂಡು ನಿಂತಿದ್ದಾಳೆ. ಅಣ್ಣಾ ಅಂತ ಕರೀತಿದ್ದಾಳೆ. ಎರಡನೇ ಸಲ ಕರೀತಿದ್ದಾಳೆ. ಬಂದೆ ತಂಗೀ ಅಂತ ಒಂದು ಮಾತು ಹೇಳಿ ಏಳಬೇಕು, ಅಷ್ಟೇ ತಾನೆ, ಬಂದೆ—