ಹಗ್ಗ ಎಳೆಯುವವಳು

ಅಪ್ಪಾ,

ನೀನು ತೀರಿಕೊಂಡು ನಲವತ್ತೊಂಬತ್ತು ದಿನ ಮುಗಿದ ಮೇಲೆ, ನಿನ್ನೆ ನಮ್ಮ ಹಳೆಯ ರಷ್ಯನ್ ವ್ಯಾನನ್ನು ಮುಟ್ಟಿದೆ. ಆಕ್ಸಿಲರೇಟರ್ ಕೇಬಲ್ಲಿನೊಳಗೆ ಗೋಬಿ ಮರುಭೂಮಿಯ ಮರಳು ತುಂಬಿತ್ತು; ಒತ್ತಿದ ಪೆಡಲ್ ಕೆಳಗೇ ಸಿಕ್ಕಿಕೊಳ್ಳುತ್ತಿದ್ದುದು ಅದಕ್ಕೇ. ಸೀಮೆಎಣ್ಣೆಯಲ್ಲಿ ತೊಳೆದೆ, ಅಷ್ಟೇ. ಒತ್ತಿದ ಪೆಡಲ್ ಈಗ ತಾನಾಗಿಯೇ ಮೇಲೇಳುತ್ತದೆ.

ಮೆಕ್ಯಾನಿಕ್ ಗೊಂಬೊ ಮಾವ ನಕ್ಕ: "ಅರ್ಧ ಗಂಟೆ ಕೆಲಸ ಕಣೇ ಹುಚ್ಚಿ! ಇದಕ್ಕೋಸ್ಕರ ಸ್ಕೂಲ್ ಬಿಟ್ಟು ಮೂರು ವರ್ಷ ಅಪ್ಪನ ಪಕ್ಕ ಕೂತು, ಪೆಡಲಿಗೆ ಹಗ್ಗ ಕಟ್ಟಿ ಮೇಲಕ್ಕೆ ಎಳೀತಿದ್ಯಾ?"

ನಿಜ ಹೇಳುತ್ತೇನೆ. ರಿಪೇರಿ ಹೇಗೆಂದು ನನಗೆ ಮೊದಲ ಚಳಿಗಾಲದಲ್ಲೇ ಗೊತ್ತಾಗಿತ್ತು. ಹೇಳಿದ್ದರೆ ನೀನು ಒಬ್ಬನೇ ಉಣ್ಣೆ ಹೇರಿಕೊಂಡು ಹೊರಡುತ್ತಿದ್ದೆ, ನನ್ನನ್ನು ಹಾಸ್ಟೆಲಿಗೆ ಕಳಿಸುತ್ತಿದ್ದೆ.

ಇವತ್ತು ನಾನೊಬ್ಬಳೇ ವ್ಯಾನ್ ಓಡಿಸಿಕೊಂಡು ಹೊರಟಾಗ, ದಾರಿ ಸುಖವಾಗಲೆಂದು ಅಮ್ಮ ಹಿಂದಿನಿಂದ ಹಾಲು ಚಿಮುಕಿಸಿ ಕಳಿಸಿಕೊಟ್ಟಳು. ದಾರಿಯುದ್ದಕ್ಕೂ ಪೆಡಲ್ ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಆದರೂ ಪ್ರತಿ ಇಳಿಜಾರಿನಲ್ಲೂ, "ಎಳಿಯೇ ಮಗಳೇ" ಎಂದು ನೀನು ಕೂಗಲೆಂದು ಕಾದೆ.