ನೀಲಕೋಟೆಯ ನಾಲ್ಕನೇ ಭಾಗ

12 ನವೆಂಬರ್ 1961, ಸಿಂದಗಿ

ಇವತ್ತೂ ಓದಿದ್ದಾಯಿತು. ಅತ್ತೆ ಗಾದಿ ಹೊಲಿಯುತ್ತಿದ್ದರು, ನಾದಿನಿ ಬಾನುಬಿ ಹತ್ತಿ ತುಂಬುತ್ತಿದ್ದಳು. ಇಬ್ಬರಿಗೂ ಅಕ್ಷರ ಬರುವುದಿಲ್ಲ. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು... ಅದಕ್ಕೇ ಕೆಲಸ ಮಾಫಿ.

‘ನೀಲಕೋಟೆ’ ಮೂರನೇ ಭಾಗ. ರೆಕ್ಕೆಯ ಕುದುರೆ ಸಾಕುವ ಶೂರಕೇತುವಿನ ಮೇಲೆ ರಾಜಕುಮಾರಿ ಹೇಮಲತೆಗೆ ಮನಸ್ಸು. ಮನೆತನವಿಲ್ಲದವನು ಎಂದು ದರಬಾರಿನಲ್ಲಿ ಮಂತ್ರಿಯ ತಕರಾರು. ಪಟ್ಟದ ರಾಣಿ ಅವನನ್ನು ಗಡಿಪಾರು ಮಾಡುತ್ತಾಳೆ. ಪುಸ್ತಕದಲ್ಲಿರುವುದು ಹಾಗೆ. ನಾನು ಓದಿದ್ದು — ರಾಣಿ ಒಪ್ಪಿದಳು. ಬಾಯಿಂದ ಬಂದೇಬಿಟ್ಟಿತು.

ಯಾಕೆಂದರೆ ಬಾನುಬಿಗೆ ನನ್ನ ತಮ್ಮ ದಾವಲಮಲಿಕನ ಮೇಲೆ ಮನಸ್ಸು. ಅವನಿಗೂ ಅಷ್ಟೇ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಮಾತೆತ್ತುವುದಿಲ್ಲ. ಮಾವ ತೀರಿಕೊಂಡ ಮೇಲೆ ಇಲ್ಲಿ ಅತ್ತೆಯದೇ ಹುಕುಂ.

ಅತ್ತೆ ದಾರ ಹಲ್ಲಿನಿಂದ ಕಡಿದು, ‘ರಾಣಿ ಶಾಣ್ಯಾಕಿ ಅದಾಳ’ ಎಂದರು.

16 ನವೆಂಬರ್

ಅತ್ತೆಯ ಹಿರಿಮಗ, ಭಾವ ಕುತುಬುದ್ದೀನ, ಬಾನುಬಿಗೆ ಮುದ್ದೇಬಿಹಾಳದ ಸಂಬಂಧ ತಂದಿದ್ದಾರೆ. ವರನದು ಹತ್ತಿ ದಲಾಲಿ. ಅವನಿಗೆ ಎರಡನೇ ಮದುವೆ. ಬಾನುಬಿ ಬೆಳಗಿನಿಂದ ಉಂಡಿಲ್ಲ.

ಮಧ್ಯಾಹ್ನ ಮತ್ತಷ್ಟು ಸೇರಿಸಿ ಓದಿದೆ. ರಾಣಿ ಮಂತ್ರಿಗೆ ಹೇಳುತ್ತಾಳೆ — ಮಗಳು ಪೇಟೆಗೆ ಒಯ್ಯುವ ಮಾಲಲ್ಲ.

ಸಂಜೆ ಅತ್ತೆ ಭಾವನಿಗೆ ಅದೇ ಮಾತು ಹೇಳಿದರು! ‘ಬಾನು ಏನ್ ಪ್ಯಾಟಿಗಿ ಒಯ್ಯೂ ಮಾಲ ಏನೋ?’

‘ಇದನ್ನ ಯಾರ ಕಲಿಸ್ಯಾರವಾ ನಿನಗ?’ ಎಂದರು ಭಾವ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ನನಗೆ. ಒಲೆ ಊದುತ್ತ ಮುಖ ಮುಚ್ಚಿಕೊಂಡೆ.

24 ನವೆಂಬರ್

ಅತ್ತೆ ಒಪ್ಪಿದರು. ಬರುವ ಶುಕ್ರವಾರ ದಾವಲಮಲಿಕ ಬರಬೇಕು, ಮಾತು ಪಕ್ಕಾ ಆಗಬೇಕು. ಬಾನುಬಿ ನನ್ನನ್ನು ಅಪ್ಪಿಕೊಂಡು ಅತ್ತಳು. ನನಗೂ ಖುಷಿ.

28 ನವೆಂಬರ್

ಮನೆಯವರು ಇಂಡಿಗೆ ಗಾದಿ ಕೊಡಲು ಹೋದವರು ನಾಲ್ಕನೇ ಭಾಗ ತಂದರು. ಒಲೆ ಮುಂದೆ ಒಬ್ಬಳೇ ಓದಿದೆ. ಅಯ್ಯೋ... ಶೂರಕೇತು ಕಳ್ಳದಾರಿಯಿಂದ ಮರಳಿ ಬಂದು ವೈರಿಗೆ ಕೋಟೆ ಬಾಗಿಲು ತೆರೆದ. ಹೇಮಲತೆಯನ್ನು ಬಿಟ್ಟು ಕುದುರೆ ಏರಿ ಹಾರಿಹೋದ. ರೊಟ್ಟಿ ಸೀದುಹೋಯಿತು.

ನನ್ನ ತಮ್ಮ ಹಾಗಲ್ಲ. ಅಲ್ಲ ತಾನೇ? ಸಾಲೋಟಗಿಯಲ್ಲಿ ಕಿರಾಣಿ ಅಂಗಡಿ ಕೆಲಸ — ಬಿಟ್ಟ. ಕೊಲ್ಹಾರದಲ್ಲಿ ದೋಣಿ ಕೆಲಸ — ಅದನ್ನೂ ಬಿಟ್ಟ. ಈಗ ಬಸ್ ಕ್ಲೀನರ್. ಯಾಕೆ ಬಿಟ್ಟೆ ಎಂದು ನಾನು ಒಮ್ಮೆಯೂ ಕೇಳಿಲ್ಲ. ತಮ್ಮನಲ್ಲವೇ ಎಂದು ಸುಮ್ಮನಿದ್ದೆ. ಬಾನುಬಿಯನ್ನು ನಾನೇ ಬಾವಿಗೆ ನೂಕುತ್ತಿದ್ದೇನೆಯೇ?

30 ನವೆಂಬರ್, ಗುರುವಾರ

ಭಾವನ ಕೈಗೆ ಪುಸ್ತಕ ಸಿಕ್ಕಿತು. ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದರು. ‘ನೋಡವಾ ನಿನ್ನ ಶೂರಕೇತುನ!’ ಮೂರನೇ ಭಾಗವನ್ನೂ ತೆಗೆದರು. ‘ರಾಣಿ ಒಪ್ಪೇ ಇಲ್ಲ. ನಜಮಾ ಸುಳ್ಳ ಓದ್ಯಾಳ!’

ಅತ್ತೆ ಸೂಜಿ ನಿಲ್ಲಿಸಲಿಲ್ಲ.

‘ಗೊತ್ತೈತಿ. ಪುಸ್ತಕದ ಹಾಳಿ ತಿರುವಲಾರದ ಅಷ್ಟುದ್ದ ಓದ್ತಾಳ ಆಕಿ. ನನಗ ಅಕ್ಷರ ಬರೂದಿಲ್ಲ, ಕಣ್ಣ ಕಾಣಸ್ತಾವ.’

ಭಾವ ದಡದಡ ಹೊರಗೆ ಹೋದರು. ಅತ್ತೆ ನನ್ನನ್ನು ಕೂರಿಸಿಕೊಂಡರು. ‘ಪುಸ್ತಕದ ಮಾತ ಸಾಕು. ನಿನ್ನ ತಮ್ಮನ ಮಾತ ಹೇಳು. ಕೊಡಲ್ಯಾ, ಬ್ಯಾಡಾ?’

ಬಾಗಿಲ ಹಿಂದೆ ಬಾನುಬಿಯ ಬಳೆ ಸದ್ದು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

‘ಮನಸ ಒಳ್ಳೇದೈತ್ರಿ ಅತ್ತಿ. ಆದ್ರ ಆಂವ ಒಂದ ಕಡಿ ನಿಂದ್ರೂದಿಲ್ರಿ.’

ಬಳೆ ಸದ್ದು ಥಟ್ಟನೆ ನಿಂತಿತು. ಅತ್ತೆ ಸೂಜಿಗೆ ದಾರ ಪೋಣಿಸಿ, ‘ನಿಮ್ಮ ಮಾವನೂ ನಿಂದರ್ತಿರಲಿಲ್ಲ’ ಎಂದರು. ಹಾಗಂದರೆ ಹೂಂ ಎಂದೋ, ಊಹೂಂ ಎಂದೋ? ಕೇಳುವ ಧೈರ್ಯವಾಗಲಿಲ್ಲ.

1 ಡಿಸೆಂಬರ್, ಬೆಳಿಗ್ಗೆ

ಬಾನುಬಿ ನನ್ನೊಡನೆ ಮಾತಾಡುತ್ತಿಲ್ಲ. ಒಲೆ ಮುಂದೆ ನನ್ನ ಪಕ್ಕವೇ ಕೂತಿದ್ದಾಳೆ. ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ.

ತಮ್ಮ ಬಂದ. ಹೊಸ ಅಂಗಿ. ಹೊಸ್ತಿಲಲ್ಲೇ ಅತ್ತೆ ತಡೆದರು. ಇಲ್ಲಿಗೆ ಎಲ್ಲ ಕೇಳಿಸುತ್ತದೆ.

‘ನಿಮ್ಮಕ್ಕ ಎಲ್ಲಾ ಹೇಳ್ಯಾಳ. ಒಂದ ಕಡಿ ನಿಂತ ಸಂಸಾರ ಮಾಡಾಂವ ಇದ್ರ ಒಳಗ ಬಾ. ಇಲ್ಲಾಂದ್ರ ಅಲ್ಲಿಂದನ ಹೊಳ್ಳಿ ಹೋಗು.’

ಹೊಸ್ತಿಲ ಹೊರಗೆ ಅವನ ಚಪ್ಪಲಿ ಕೆರೆಯುವ ಸದ್ದು. ಬಾನುಬಿ ನನ್ನ ಕೈ ಹಿಡಿದಿದ್ದಾಳೆ, ಅಕ್ಷರ ಸೊಟ್ಟಾಗುತ್ತಿವೆ. ಹೇಳೋ ತಮ್ಮಾ, ಏನಾದರೂ ಹೇಳು —