ತೊಂಬತ್ತೆರಡು ಪರ್ಸೆಂಟ್ ಹಾಜರಿ

೧೧-೧೧-೧೯೬೩, ಬೆಳಿಗ್ಗೆ

ಬೋರೆಕೊಪ್ಪಲಿನಲ್ಲಿ ಇನ್ನು ಒಂಬತ್ತು ಮಕ್ಕಳು ಬಾಕಿ. ಮಕ್ಕಳು ಎನ್ನುವುದು ಪ್ರಬಂಧದ ಮಾತು — ಒಬ್ಬನಿಗೆ ಮೀಸೆ ಬಂದಿದೆ, ಇಬ್ಬರಿಗೆ ಮದುವೆಯಾಗಿದೆ. ಐವತ್ನಾಲ್ಕರಲ್ಲಿ ಒಂದನೇ ಕ್ಲಾಸಿಗೆ ಸೇರಿ ನಾಲ್ಕು ವರ್ಷ ತಪ್ಪದೆ ಬಂದವರನ್ನು ಹಾಜರಿ ಪುಸ್ತಕದಿಂದ ಹೆಕ್ಕಬೇಕು. ಈಗ ಹುಡುಕಿಕೊಂಡು ಹೋಗಿ ಹತ್ತು ಸಾಲು ಓದಿಸಬೇಕು. ಕಲಿತ ಓದು ಎಷ್ಟು ಉಳಿದಿದೆಯೋ ಅಷ್ಟಕ್ಕೆ ಅಂಕ. ಆರು ಶಾಲೆ, ನೂರಿಪ್ಪತ್ತು ಹೆಸರು. ಇಷ್ಟಾದರೆ ಪಿಎಚ್.ಡಿ. ಎಮ್ಮೆ ಕಾಯುತ್ತಿದ್ದಾಗ ಲೆಕ್ಕ ಸುಲಭವಿತ್ತು, ಸಂಜೆಗೆ ತಾವೇ ಮನೆಗೆ ಬರುತ್ತಿದ್ದವು.

ಕೆಸರೆ ದಾಟಿದರೆ ಸಿಗುವ ಈ ಶಾಲೆ ಚೀಟಿ ಎತ್ತಿದಾಗ ಬಂದದ್ದು. ಐವತ್ಮೂರರಿಂದ ಐದು ವರ್ಷ ನಾನೇ ಅಲ್ಲಿ ಮೇಷ್ಟ್ರು. ಅನುಕೂಲವಾಯಿತು ಅಂದುಕೊಂಡೆ.

ಈವರೆಗೆ ಓದಿಸಿದ್ದು ಹನ್ನೊಂದು. ಏಳು ಸೊನ್ನೆ. "ಮರ್ತೋಯ್ತು ಸಾ" ಎನ್ನುತ್ತಾರೆ, ನೆಲ ನೋಡುತ್ತಾರೆ. ಬೇರೆ ಐದು ಶಾಲೆಗಳಲ್ಲಿ ಹೀಗಿಲ್ಲ. ನನಗೆ ಗಾಬರಿ. ನನ್ನ ಗೈಡ್ ಡಾ. ಲಕ್ಷ್ಮೀನರಸಿಂಹ ಅವರಿಗೆ ಆನಂದ. "ಇದು ಕಣ್ರೀ ಫೈಂಡಿಂಗು!"

೧೩-೧೧

ಭಾಗ್ಯಮ್ಮ. ರಿಜಿಸ್ಟರಿನ ಪ್ರಕಾರ ನಾಲ್ಕು ವರ್ಷಕ್ಕೆ ತೊಂಬತ್ತೆರಡು ಪರ್ಸೆಂಟ್ ಹಾಜರಿ. ಜಗಲಿಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಹಾಳೆ ಕೊಟ್ಟೆ. ಹಾಳೆ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಓದವ್ವ. ಮರೆತಿದ್ರೂ ಪರವಾಗಿಲ್ಲ."

"ಮರ್ಯಕ್ಕೆ ಕಲ್ತಿದ್ರಲ್ವಾ ಸಾ? ನಾನ್ಯಾವತ್ತು ಇಸ್ಕೂಲ್ಗೆ ಬಂದಿದ್ದೆ? ಇನ್‌ಸ್ಪೆಟ್ರು ಬಂದಾಗ ಎಲ್ಡ್ ಸಲ ಕರ್ಕೊಂಡೋಗಿ ಕೂರ್ಸಿದ್ರಿ. ಪೆಪ್ಪರ್ಮೆಂಟು ಕೊಟ್ರಿ."

"ಯಾರು ಕೂರಿಸಿದ್ದು?"

"ಅಯ್ಯೋ, ನೀವೇ ಕಣ್ ಸಾ! ಮರ್ತ್ಬುಟ್ರಾ?"

ಅವಳ ಅಜ್ಜಿ ಒಳಗಿಂದ ನಕ್ಕಿತು. ನಾನೂ ನಕ್ಕೆ. ಅಂಕದ ಪಟ್ಟಿಯಲ್ಲಿ ಏನು ಬರೆಯುವುದೆಂದು ತೋಚದೆ ಖಾಲಿ ಬಿಟ್ಟು ಬಂದೆ.

೧೪-೧೧

ಶಾಲೆಗೆ ಹೋದೆ. ಈಗ ಹೆಡ್ಮಿಸ್ಟ್ರೆಸ್ಸು ದೇವಿರಮ್ಮನವರು. ಐವತ್ತಾರರಲ್ಲಿ ಮಕ್ಕಳ ಸಂಖ್ಯೆ ತೋರಿಸಿ ಎರಡನೇ ಹುದ್ದೆ ತಂದವನು ನಾನು. ಆ ಹುದ್ದೆಗೆ ಬಂದವರು ಅವರು. ಹಳೇ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿದರು. ನನ್ನದೇ ಅಕ್ಷರ, ಆಮೇಲೆ ಅವರದ್ದು.

ಬಾರದವರ, ಬಿಟ್ಟುಹೋದವರ ಹೆಸರು ನಾನು ಹೊಡೆಯುತ್ತಿರಲಿಲ್ಲ. ಬೆಳಿಗ್ಗೆ ಪೆನ್ಸಿಲಿನ ಚುಕ್ಕೆ, ಶನಿವಾರ ಅದರ ಮೇಲೆ ಹಾಜರಿಯ ಶಾಯಿ. ಅಂಥವು ನಾಲ್ಕೈದು ಎಂದು ನೆನಪಿಟ್ಟುಕೊಂಡಿದ್ದೆ. ಇಬ್ಬರೂ ಕೂತು ಎಣಿಸಿದೆವು. ನನ್ನ ಇಪ್ಪತ್ತರಲ್ಲಿ ಹದಿಮೂರು.

"ತಿಂಗಳಿಗೆ ಎರಡು ಗೈರುಹಾಜರಿ ಹಾಕಮ್ಮ, ನೂರಕ್ಕೆ ನೂರಿದ್ರೆ ಸಾಹೇಬ್ರಿಗೆ ಅನುಮಾನ ಬರುತ್ತೆ ಅಂತ ನೀವೇ ಹೇಳ್ಕೊಟ್ಟಿದ್ದು ಸಾರ್."

"ಈಗಲೂ ಹಾಕ್ತೀರಾ?"

"ಪುಸ್ತಕದಲ್ಲಿ ಎಂಬತ್ನಾಲ್ಕು. ಎದುರಿಗೆ ಕೂತಿರೋದು ಐವತ್ತೆರಡು. ಎಪ್ಪತ್ತಕ್ಕಿಂತ ಇಳಿದ್ರೆ ಒಂದು ಪೋಸ್ಟು ಹೋಗುತ್ತೆ. ಆಮೇಲೆ ಈ ಐವತ್ತೆರಡಕ್ಕೂ ಯಾರು ಪಾಠ ಮಾಡ್ತಾರೆ? ನೀವು ಬರ್ತೀರಾ?"

ಹಳೇ ಪುಸ್ತಕ ಮಡಚಿಟ್ಟು ಎದ್ದೆ. ಸಂತೆಯಲ್ಲಿ ಕುರುಡನಿಗೂ ಕನ್ನಡಿ ಮಾರಬಲ್ಲೆ ಅಂತ ನನ್ನ ಖ್ಯಾತಿ.

೨-೧೨

ಸರಸ್ವತಿಪುರಂ, ಗೈಡ್ ಮನೆ. ಕಾಫಿ ಆಗುವವರೆಗೆ ಹವಾಮಾನ ಮಾತಾಡಿದೆ. ಆಮೇಲೆ —

"ರಿಜಿಸ್ಟರನ್ನ ಅಷ್ಟೊಂದು ನಂಬಬಹುದಾ ಸಾರ್?"

"ಸರ್ಕಾರದ ದಾಖಲೆ ಕಣ್ರೀ. ಪುಟಕ್ಕೊಂದು ಸಹಿ ಇದೆ. ಯಾರದ್ದದು?"

"ನಂದೇ ಸಾರ್."

"ಮತ್ತೆ? ನಿಮ್ಮ ಸಹಿ ನೀವೇ ನಂಬಲ್ವೇನ್ರೀ?" ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗಿಂದ ಇನ್ನೊಂದು ಲೋಟ ಕಾಫಿ ಬಂತು. ಕುಡಿದು ಬಂದೆ.

೯-೧-೧೯೬೪

ಬರೆಯದೆ ತಿಂಗಳ ಮೇಲಾಯಿತು. ಉಳಿದ ಟೇಬಲ್ಲುಗಳನ್ನು ಮುಗಿಸಿದೆ. ಭಾಗ್ಯಮ್ಮನ ಮುಂದಿದ್ದ ಖಾಲಿ ಜಾಗದಲ್ಲಿ ಸೊನ್ನೆ ಹಾಕಿದೆ. ಹಾಕಿದವನು ನಾನೇ, ಬೇರೆ ಯಾರೂ ಕೈ ಹಿಡಿದು ಬರೆಸಲಿಲ್ಲ.

೧೭-೨

ದೇವರಾಜ ಮೊಹಲ್ಲಾದ ಟೈಪಿಸ್ಟು ಐದನೇ ಅಧ್ಯಾಯ ಕೊಟ್ಟ. ಗುರುಗಳು ತಿದ್ದಿ ಸೇರಿಸಿದ ಒಂದು ವಾಕ್ಯ ಒಳ್ಳೇ ಇಂಗ್ಲಿಷಿನಲ್ಲಿ ಕೂತಿದೆ. ನನ್ನ ಕನ್ನಡದಲ್ಲಿ ಹೀಗೆ: ಇಂಥ ಮನೆಗಳ ಮಕ್ಕಳಿಗೆ, ತಪ್ಪದೆ ಶಾಲೆಗೆ ಬಂದರೂ, ಓದು ತಲೆಯಲ್ಲಿ ನಿಲ್ಲುವುದಿಲ್ಲ.

ಇಂಥ ಮನೆ. ನಾನು ಹುಟ್ಟಿದ್ದೂ ಅಂಥದ್ದರಲ್ಲೇ, ಎರಡು ಮೈಲಿ ಆಚೆ.

ಗುರುಗಳ ಬಳಿ ಓಡಿದೆ. "ಬೇಜಾರು ಮಾಡ್ಕೋಬೇಡಿ ಸಿದ್ದರಾಜು, ನಿಮ್ಮಂಥೋರು ಎಕ್ಸೆಪ್ಷನ್ನು" ಎಂದರು. ಮತ್ತೆ ಇನ್ನೊಂದು ಸುದ್ದಿ ಕೊಟ್ಟರು. ಕೊಪ್ಪಲಿನವರು ಮಿಡ್ಲ್ ಸ್ಕೂಲು ಕೇಳಿ ಅರ್ಜಿ ಹಾಕಿದ್ದಾರಂತೆ. ಇಪ್ಪತ್ತಾರಕ್ಕೆ ಕಮಿಟಿ. ಇವರೂ ಮೆಂಬರು. "ನಿಮ್ಮ ಟೇಬಲ್ಲೇ ತೋರಿಸ್ತೀನಿ. ಓದು ತಲೆಯಲ್ಲಿ ನಿಲ್ಲದ ಕಡೆ ಮಿಡ್ಲ್ ಸ್ಕೂಲ್ ಕಟ್ಟಿ ಏನು ಪ್ರಯೋಜನ?"

ಬಂದೇ ಇರಲಿಲ್ಲ ಸಾರ್ ಅವರು. ಬಂದಿರಲಿಲ್ಲ. — ಇದು ಮನೆಗೆ ಬಂದ ಮೇಲೆ, ಗೋಡೆಗೆ ಹೇಳಿದ್ದು.

೨೫-೨

ಇವತ್ತು ಹೇಳಿಬಿಟ್ಟೆ. ಎಲ್ಲಾ. ಪೆನ್ಸಿಲ್, ಶಾಯಿ, ಪೆಪ್ಪರ್ಮೆಂಟು. ಗುರುಗಳು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಬಾಯಲ್ಲಿ ಹೇಳಿದ್ದು ನಾನು ಕೇಳಿಸ್ಕೊಂಡಿಲ್ಲ. ಬರೆದುಕೊಡಿ, ನಾಳೆ ಕಮಿಟಿ ಮುಂದೆ ಇಡ್ತೀನಿ. ಇಟ್ಟ ಮೇಲೆ ನಿಮ್ಮ ಪ್ರಬಂಧ ಇರಲ್ಲ. ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ. ಆ ಹೆಡ್ಮಿಸ್ಟ್ರೆಸ್ಸಿನದಂತೂ ಇರಲ್ಲ. ಹನ್ನೊಂದಕ್ಕೆ ಮೀಟಿಂಗು."

ಗದರಿದ್ದರೆ ಚೆನ್ನಾಗಿತ್ತು. ಗೇಟಿನವರೆಗೆ ಬಂದು ಕಳಿಸಿದರು.

ಅಲ್ಲಿಂದ ಸೀದಾ ಕೊಪ್ಪಲು. ದೇವಿರಮ್ಮನವರು ಬೋರ್ಡು ಒರೆಸುತ್ತಿದ್ದರು. ಹೇಳಿದೆ. ತಿರುಗಿ ನೋಡಲಿಲ್ಲ. "ಬರೀರಿ ಅಂತ ನಾನು ಹೇಳಲ್ಲ ಸಾರ್. ಬರೀಬೇಡಿ ಅಂತಲೂ ನಾನು ಹೇಳಲ್ಲ. ಅದೂ ನನ್ನ ತಲೆ ಮೇಲೇ ಹಾಕ್ಬೇಡಿ."

೨೬-೨, ಬೆಳಿಗ್ಗೆ ೯

ಮೂರು ಹಾಳೆ ಹರಿದೆ. ನಾಲ್ಕನೆಯದು ನಿಂತಿದೆ: ಬೋರೆಕೊಪ್ಪಲು ಶಾಲೆಯ ಹದಿಮೂರು ಮಕ್ಕಳ ಹಾಜರಿ ಸುಳ್ಳು. ಹಾಕಿದವನು ನಾನೊಬ್ಬನೇ.

ಸುಳ್ಳು ಒಪ್ಪಿಕೊಳ್ಳುವ ಕಾಗದದಲ್ಲೇ ಇನ್ನೊಂದು. ಪುಸ್ತಕ ತೆರೆದರೆ ಎರಡು ಕೈ ಎಂದು ಯಾರಿಗೂ ಕಾಣುತ್ತದೆ. 'ನಾನೊಬ್ಬನೇ' ತೆಗೆದರೆ ದೇವಿರಮ್ಮನವರು ಇವತ್ತೇ ಮನೆಗೆ. ಇಟ್ಟರೆ ನಾಳೆ.

೧೦-೨೦

ಮೀಟಿಂಗಿನ ಜಾಗಕ್ಕೆ ಇಲ್ಲಿಂದ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ. ಷರಟು ಹಾಕಿಕೊಂಡೆ. ಕಾಗದ ಜೇಬಿನಲ್ಲಿದೆ. ಹೆಂಡತಿ ಮಂಜುಳಮ್ಮ ಬಾಗಿಲಲ್ಲಿ — "ಹೊರಡ್ತೀರೋ ಇಲ್ವೋ ಹೇಳ್ಬುಡಿ, ಅನ್ನಕ್ಕಿಡ್ಬೇಕು." ಹೊರಟೆ ಅಂದೆ.

೧೦-೪೫

"ಇನ್ನೂ ಇಲ್ಲೇ ಇದ್ದೀರಲ್ರೀ!"

ಹೊರಟೆ ಕಣೇ ಅಂದೆ.

ಪೂರ್ತಿ ತುಳಿದರೆ ಹದಿನೈದು ನಿಮಿಷಕ್ಕೂ ಹೋಗಬಹುದು. ಮೀಟಿಂಗು ಹೊತ್ತಿಗೆ ಸರಿಯಾಗಿ ಶುರುವಾಗುವುದೂ ಇಲ್ಲ, ಕಾಫಿ ಗೀಫಿ ಎಂದು ಐದು ಹತ್ತು ನಿಮಿಷ —

೧೧-೧೦

ಹೊರಟೆ ಅಂತ ಇನ್ನೊಂದ್ಸಲ ಅಂದೆ. ಕಾಗದ ಜೇಬಿನಲ್ಲೇ ಇದೆ.